ಅಕ್ಕನಿಗೆ ಊಟ ಹಾಕುವವರು

"ಅವು ಹೆಂಗಸಿನವಲ್ಲ ಸರ್" ಎಂದು ವಿದ್ಯಾರ್ಥಿನಿ ಹೇಳಿದಾಗ ಅವನು ಮೊಣಕೈವರೆಗೆ ಸೋಪು ಹಚ್ಚಿಕೊಂಡು ಲ್ಯಾಬಿನ ನಲ್ಲಿಯ ಮುಂದೆ ನಿಂತಿದ್ದ. ಯಾವುದು ಹೆಂಗಸಿನದಲ್ಲ ಎಂದು ಕೇಳಬೇಕಿತ್ತು, ಕೇಳಲಿಲ್ಲ. ನೀರು ಬಿಟ್ಟು ಕೈ ತೊಳೆದ, ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದ, ಆಮೇಲೆ ಅವಳ ಕಡೆ ತಿರುಗಿ, "ಗ್ಲೌಸ್ ಹಾಕ್ಕೊಂಡೇ ಬಾಗಿಲ ಹಿಡಿ ಮುಟ್ಟಿದ್ಯಲ್ಲ, ಎಷ್ಟು ಸಲ ಹೇಳಬೇಕು ನಿನಗೆ" ಎಂದು ಗದರಿದ. ಅವಳು ಗ್ಲೌಸ್ ಕಳಚಿ ಬುಟ್ಟಿಗೆ ಹಾಕಿದಳು. ಕಣ್ಣು ಕೆಂಪಾಗಿದ್ದವು. ನಿದ್ದೆಗೆಟ್ಟಿದ್ದಾಳೋ ಅತ್ತಿದ್ದಾಳೋ, ತಿಳಿದುಕೊಳ್ಳುವ ಆಸೆ ಅವನಿಗಿರಲಿಲ್ಲ. "ಮತ್ತೆ ಮತ್ತೆ ಮಾಡಿ ನೋಡಿದೆ ಸರ್. ಪ್ರತಿ ಸಲಾನೂ ಗಂಡಸಿನ ಕ್ರೋಮೋಸೋಮು ಬರ್ತಿದೆ. ನನ್ನ ಕೈಯಲ್ಲೇ ಏನೋ ಎಡವಟ್ಟಾಗಿದೆ ಅಂದ್ಕೊಂಡು ಪಕ್ಕದ ಲ್ಯಾಬಲ್ಲೂ ಮಾಡಿಸ್ದೆ. ಅಲ್ಲೂ ಅದೇ ಬಂತು." ಗಂಡಸಿನ ಕ್ರೋಮೋಸೋಮಿಗಿಂತ ಮೊದಲು ಅವನಿಗೆ ಚುಚ್ಚಿದ್ದು ಪಕ್ಕದ ಲ್ಯಾಬಿನವನಿಗೆ ಗೊತ್ತಾಗಿಹೋಯಿತಲ್ಲ ಎಂಬುದು. ತಾನು ಇಂಥವನು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ಸಲ ಹೊಸದಾಗಿ ಗೊತ್ತಾಗುತ್ತಿತ್ತು.

ಈ ಕೇಂದ್ರದಲ್ಲಿ ಯಾರೂ ರೋಗಿಗಳನ್ನು ನೋಡುವುದಿಲ್ಲ, ಯಾರಿಗೂ ಔಷಧ ಕೊಡುವುದಿಲ್ಲ. ಕ್ಯಾನ್ಸರ್ ಎಂದರೆ ಇಲ್ಲಿ ಚಪ್ಪಟೆ ಪ್ಲಾಸ್ಟಿಕ್ ಸೀಸೆಯ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ರಸ ಕುಡಿದುಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುವ ಜೀವಕೋಶಗಳು. ಅವು ಹೇಗೆ ಬೆಳೆಯುತ್ತವೆ, ಸಾಯಬೇಕಾದಾಗ ಯಾಕೆ ಸಾಯುವುದಿಲ್ಲ ಎಂದು ನೋಡುತ್ತ ಇಲ್ಲಿಯವರು ತಲೆ ನರೆಸಿಕೊಳ್ಳುತ್ತಾರೆ. ಹಳೆಯ ರಸ ಚೆಲ್ಲಿ ಹೊಸದು ಹಾಕುವುದಕ್ಕೆ ಊಟ ಹಾಕುವುದು ಎಂದು ಹೆಸರು. ಅವನ ಲ್ಯಾಬಿನ ಸೀಸೆಗಳ ಮೇಲೆ ಏನೋ ಒಂದು ಸಂಖ್ಯೆ ಬರೆದಿದ್ದರೂ ಬಾಯಲ್ಲಿ ಎಲ್ಲರೂ ಅವನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಯಾಕೆಂದರೆ ಅವು ಕ್ಯಾನ್ಸರಾಗಿದ್ದ ಅವನ ಒಡಹುಟ್ಟಿದ ಅಕ್ಕನ ಹೊಟ್ಟೆಯಿಂದ ಬಂದವು. ಅಕ್ಕನಿಗೆ ಊಟ ಹಾಕಿದ್ಯಾ? ಅಕ್ಕ ತುಂಬಿ ತುಳುಕ್ತಿದ್ದಾಳೆ, ನಾಲ್ಕು ಸೀಸೆಗೆ ಹಂಚಿದೆ. ಹೊಸ ವಿದ್ಯಾರ್ಥಿಗಳು ಹೀಗೆ ಹೇಳಲು ಮೊದಮೊದಲು ಅಳುಕುತ್ತಿದ್ದರು, ಆಮೇಲೆ ಸಲೀಸಾಗಿ ಹೇಳುತ್ತಿದ್ದರು. ಅವನಿಗೂ ಅದು ಹಿತವಾಗಿರುತ್ತಿತ್ತು. ಹೊರಗಿನಿಂದ ತರಿಸಿದ ಪ್ರತಿಯೊಂದು ಜೀವಕೋಶಕ್ಕೂ ಅವನು ಗುರುತಿನ ಪರೀಕ್ಷೆ ಮಾಡಿಸದೆ ಒಳಗೆ ಬಿಟ್ಟುಕೊಂಡವನಲ್ಲ. ಈ ವಿಷಯದಲ್ಲಿ ಅವನು ಮಹಾ ಕಟ್ಟುನಿಟ್ಟು, ಬೇರೆ ಲ್ಯಾಬಿನವರ ಮೇಲೆ ಸಭೆಗಳಲ್ಲಿ ಹರಿಹಾಯುತ್ತಿದ್ದದ್ದೂ ಉಂಟು. ಅಕ್ಕನಿಗೆ ಮಾತ್ರ ಮಾಡಿಸಿರಲಿಲ್ಲ. ತನ್ನ ಕಣ್ಣೆದುರೇ ಸೂಜಿಯಿಂದ ಇಳಿದದ್ದು, ತನ್ನ ಕೈಯಾರೆ ಹೊತ್ತು ತಂದದ್ದು, ಅದಕ್ಕೆಂಥ ಗುರುತು? ಸ್ವಂತ ಅಕ್ಕನನ್ನು ನೀನು ಯಾರು ಎಂದು ಯಾರಾದರೂ ಕೇಳುತ್ತಾರೆಯೇ? ಈಗ ಯಾವುದೋ ಪತ್ರಿಕೆಯವರು ಪರೀಕ್ಷೆಯಾಗದೆ ಲೇಖನ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದರಿಂದ ವಿದ್ಯಾರ್ಥಿನಿ ಮಾಡಿಸಿದ್ದಳು. ಹದಿನಾಲ್ಕು ವರ್ಷ ಅವರೆಲ್ಲ ಊಟ ಹಾಕಿ ಸಾಕಿದ್ದು ಯಾವನೋ ಒಬ್ಬ ಗಂಡಸನ್ನು.

ಯಾವನು ಎಂಬುದೂ ಗೊತ್ತಾಗಿತ್ತು. ಎಲ್ಲ ಲ್ಯಾಬುಗಳಲ್ಲೂ ಇರುವ, ಏನು ಮಾಡಿದರೂ ಸಾಯದ, ಶ್ವಾಸಕೋಶದ ಗೆಡ್ಡೆಯ ಹಳೇ ಜೀವಕೋಶಗಳು. ಆ ಕಾಲದಲ್ಲಿ ಅವನ ಲ್ಯಾಬಿನಲ್ಲೂ ಅಕ್ಕನ ಪಕ್ಕದ ಹಲಗೆಯ ಮೇಲೇ ಇದ್ದವು. ಒಂದೇ ರಸದ ಬಾಟಲಿಗೆ ಎರಡೂ ಕಡೆಯ ನಳಿಕೆ ಅದ್ದಿದರೆ ಸಾಕು, ಕಣ್ಣಿಗೆ ಕಾಣದಷ್ಟು ಒಂದು ಹನಿ ಸಿಡಿದರೆ ಸಾಕು. ನಿಧಾನವಾಗಿ ಬೆಳೆಯುವುದರ ಜಾಗವನ್ನು ಭರಭರನೆ ಬೆಳೆಯುವುದು ತಿಂದುಹಾಕುತ್ತದೆ. ಇದನ್ನು ಅವನು ಪ್ರತಿ ವರ್ಷ ಹೊಸಬರಿಗೆ ಮೊದಲನೇ ಪಾಠವಾಗಿ ಹೇಳುತ್ತ ಬಂದಿದ್ದ.

ಕಾರಿಡಾರಿನಲ್ಲಿ ಇಲಿರಾಯ ಸಿಕ್ಕ. ಪಕ್ಕದ ಲ್ಯಾಬಿನವನು. ಇಲಿಗಳ ಮೇಲೆ ಕೆಲಸ ಮಾಡುತ್ತಾನೆಂದು ಆ ಹೆಸರು, ಅವನ ಮುಂದೆಯೇ ಕರೆದರೂ ಬೇಜಾರು ಮಾಡಿಕೊಳ್ಳುವವನಲ್ಲ. ಕಾಫಿ ಯಂತ್ರದ ಮುಂದೆ ಕಪ್ಪು ಹಿಡಿದು ನಿಂತಿದ್ದವನು ಇವನನ್ನು ಕಂಡೊಡನೆ ಮುಖ ಅಗಲ ಮಾಡಿ, "ಏನಯ್ಯಾ ಇದು, ನಿಮ್ಮ ಅಕ್ಕ ಅಣ್ಣ ಆಗಿಬಿಟ್ಟಳಂತೆ!" ಎಂದ. ಅಂದ ಮೇಲೆ ಅವನಿಗೇ ಅತಿಯಾಯಿತು ಅನ್ನಿಸಿರಬೇಕು, ಇವನ ಭುಜ ತಟ್ಟಿ, "ತಲೆ ಕೆಡಿಸ್ಕೋಬೇಡ, ನನ್ನ ಬಾಯಿಂದ ಹೊರಗೆ ಹೋಗಲ್ಲ" ಎಂದು ಸೇರಿಸಿದ. ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನ ಮೇಜು ಮೇಜಿಗೂ ಹೋಗಿರುತ್ತದೆ. ಅವನು ಏನು ಮಾಡಬಹುದಿತ್ತು? ನನ್ನ ಅಕ್ಕನ ಬಗ್ಗೆ ಹಾಗೆ ಮಾತಾಡಬೇಡ ಅನ್ನಬಹುದಿತ್ತು, ಕಪ್ಪು ಕಿತ್ತು ಎಸೆಯಬಹುದಿತ್ತು. ಅವನು ನಕ್ಕ. ಇಲಿರಾಯನಿಗಿಂತ ಜೋರಾಗಿ ನಕ್ಕ. ನಗುತ್ತ ತನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತ ಮೇಲೂ ಮುಖದ ಮೇಲೆ ಆ ನಗು ಹಾಗೇ ಅಂಟಿಕೊಂಡಿತ್ತು, ಅದನ್ನು ಕೈಯಿಂದ ಒರೆಸಿಕೊಳ್ಳಬೇಕಾಯಿತು. ಇವತ್ತೇ ಆಗಬೇಕಿತ್ತೇ ಇದು, ಇವತ್ತು ಗುಬ್ಬಿ ಬರುವ ದಿನ.

ಗುಬ್ಬಿ ಅಕ್ಕನ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅಕ್ಕ ಇಟ್ಟ ಹೆಸರು, ಈಗ ಇಪ್ಪತ್ತಾರರ ಹೆಣ್ಣಾಗಿದ್ದರೂ ಅವನ ಬಾಯಲ್ಲಿ ಅದೇ. ಹೋದ ವಾರ ಅವಳ ಫೋನು ಬಂದಾಗ ಮೊದಲು ದನಿಯೇ ಗುರುತು ಹತ್ತಲಿಲ್ಲ. "ಮಾಮ, ನಾನು. ಅಮ್ಮಂದು ಅದು... ನಿಮ್ಮ ಹತ್ತಿರ ಇದೆಯಲ್ಲ. ಒಂದು ಸಲ ನೋಡಬಹುದಾ?" ಚಿಕ್ಕವಳಿದ್ದಾಗ ನೀನು ತಾನು ಎಂದು ಹೆಗಲ ಮೇಲೆ ಹತ್ತಿ ಕೂರುತ್ತಿದ್ದವಳು ನಿಮ್ಮ ಎಂದದ್ದು ಅವನಿಗೆ ಕಪಾಳಕ್ಕೆ ಬಿದ್ದಂತಾಯಿತು. ಆದರೂ ಆ ಇಡೀ ವಾರ ಅವನು ಖುಷಿಯಾಗಿದ್ದ. ಅವಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುತ್ತಾಳೆ, ನೋಡುತ್ತಾಳೆ, ಅಳುತ್ತಾಳೆ, ಅಮ್ಮ ಇನ್ನೂ ಇದ್ದಾಳಲ್ಲ ಮಾಮ ಅನ್ನುತ್ತಾಳೆ. ಆಗ ತಾನೇನು ಹೇಳಬೇಕು, ಎಷ್ಟು ಮೆಲ್ಲಗೆ ಹೇಳಬೇಕು, ಹೆಗಲ ಮೇಲೆ ಕೈ ಇಡಬೇಕೋ ಬೇಡವೋ ಎಂದು ಬಸ್ಸಿನಲ್ಲಿ, ಬಚ್ಚಲಲ್ಲಿ ಮನಸ್ಸಿನಲ್ಲೇ ಆಡಿ ನೋಡಿಕೊಂಡಿದ್ದ. ಈ ದಿನ ಬೆಳಿಗ್ಗೆ ಎರಡು ಅಂಗಿ ಹಾಕಿ ಬಿಚ್ಚಿ ಮೂರನೆಯದನ್ನು ಹಾಕಿಕೊಂಡು ಹೊರಟಾಗ ಹೆಂಡತಿ, "ಯಾರಾದ್ರೂ ಸನ್ಮಾನ ಮಾಡ್ತಿದ್ದಾರಾ?" ಎಂದು ಕೇಳಿದ್ದಳು.

ಅವನೊಳಗೆ ಕೊಳೆಯುತ್ತಿದ್ದ ವಿಷಯವೆಂದರೆ ಆ ಸೂಜಿಯದು. ಅಕ್ಕನ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಉಸಿರಾಡಲು ಕಷ್ಟವಾಗಿ ಡಾಕ್ಟರು ತೆಗೆದಿದ್ದರು, ಆ ನೀರನ್ನು ಅವನು ಕಾಡಿ ಬೇಡಿ ತಂದಿದ್ದ. ಅದರಲ್ಲಿ ಕ್ಯಾನ್ಸರಿನ ಜೀವಕೋಶಗಳು ತೇಲುತ್ತಿರುತ್ತವೆ, ಬೆಳೆಸಿದರೆ ಬೆಳೆಯುತ್ತವೆ. ಅವತ್ತು ಲ್ಯಾಬಿಗೆ ಬಂದವನು ಯಾವುದೋ ಮೀಟಿಂಗಿಗೆ ಓಡಿ, ಸೀಸೆಯನ್ನು ಸರಿಯಾಗಿ ಮುಚ್ಚದೆ ಬಿಟ್ಟು, ಅದಕ್ಕೆ ಬೂಷ್ಟು ಹಿಡಿದು ಹಾಳಾಯಿತು. ಮತ್ತೆ ಹೋಗಿ ಡಾಕ್ಟರ ಬಾಗಿಲಲ್ಲಿ ನಿಂತ. "ನೀವೂ ಡಾಕ್ಟರಾ?" ಎಂದು ಅವರು ಕೇಳಿದರು. ಹೌದು ಎಂದ, ಆಮೇಲೆ ಅಲ್ಲ, ಸಂಶೋಧನೆ ಮಾಡಿ ಬಂದ ಡಾಕ್ಟರು ಎಂದ. ಅವರು ಓಹೋ ಎಂದು ನಕ್ಕ ನಗುವಿನಲ್ಲಿ ಅವನ ಅರ್ಧ ಜೀವ ಇಳಿದುಹೋಗಿತ್ತು. "ಹೊಟ್ಟೆ ಇನ್ನೂ ತುಂಬಿಲ್ಲ. ಈಗ ಸೂಜಿ ಹಾಕೋದ್ರಿಂದ ಅವರಿಗೇನೂ ಉಪಯೋಗ ಇಲ್ಲ, ನೋವಷ್ಟೇ." ಸ್ವಲ್ಪ ಸಾಕು ಸಾರ್ ಎಂದು ಅವನು ಹಲ್ಲು ಗಿಂಜಿದ. ಭಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು, ಬೇಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಕ್ಕ ಮಾತ್ರ, ಯಾವತ್ತಿನ ಹಾಗೆ, "ತಗೋಳೋ ಪಂಡಿತ. ಚಿಕ್ಕವನಿದ್ದಾಗ ನನ್ನ ತಟ್ಟೆಯಿಂದ ಕಿತ್ಕೊಂಡು ತಿಂತಿದ್ದೋನು, ಇದೊಂದನ್ನ ಯಾಕೆ ಬಿಡ್ತೀಯ" ಎಂದಳು. ಸೂಜಿಗೆ ನೀರು ಸಿಗದೆ ತಡಕಾಡಬೇಕಾಯಿತು. ಹನ್ನೆರಡು ವರ್ಷದ ಗುಬ್ಬಿ ಅಮ್ಮನ ಕೈ ಹಿಡಿದು ಕೂತಿದ್ದಳು. ಅಕ್ಕ ಕೂಗಲಿಲ್ಲ, ಮಗಳ ಅಂಗೈಯನ್ನು ಉಗುರಿನಿಂದ ಒತ್ತಿ ಹಿಡಿದಳು. ಎಲ್ಲ ಮುಗಿದ ಮೇಲೆ ಹುಡುಗಿ ತನ್ನ ಅಂಗೈ ನೋಡಿಕೊಂಡು, ಆಮೇಲೆ ಅವನನ್ನು ನೋಡಿದಳು. ಅವನು ಸೀಸೆಯನ್ನು ಬೆಚ್ಚಗಿರಲೆಂದು ಅಂಗಿಯ ಒಳಗೆ ಇಟ್ಟುಕೊಂಡು ಆಗಲೇ ಬಾಗಿಲ ಹತ್ತಿರ ಹೋಗಿದ್ದ.

ಅಕ್ಕ ಹೋದಳು. ಸೀಸೆಯಲ್ಲಿ ಜೀವಕೋಶಗಳು ಬದುಕಿಯೂ ಬದುಕದೆ ಇದ್ದವು. ತಳದಲ್ಲಿ ಅಲ್ಲೊಂದು ಇಲ್ಲೊಂದು ಅಂಟಿಕೊಂಡು, ಹೆಚ್ಚದೆ, ಸಾಯದೆ, ತಿಂಗಳುಗಟ್ಟಲೆ. ಅವನು ದಿನವೂ ಹೋಗಿ ನೋಡುತ್ತಿದ್ದ. ಒಂದು ದಿನ ನೋಡಿದರೆ ತಳ ತುಂಬಾ ಬೆಳೆದು ನಿಂತಿವೆ. ಮೇಜು ಗುದ್ದಿ ಕುಣಿದ. ಕುಣಿದವನಿಗೆ ಒಳಗೆಲ್ಲೋ, ಇಷ್ಟು ದಿನ ಸೊರಗಿದ್ದು ಹೀಗೆ ಒಂದೇ ಸಲಕ್ಕೆ ಚಿಗುರುತ್ತದೆಯೇ ಎಂಬ ಪ್ರಶ್ನೆ ತಲೆ ಎತ್ತಿತ್ತೇ? ಎತ್ತಿರಬೇಕು. ಬೇರೆಯವರ ಸೀಸೆಯಾಗಿದ್ದರೆ ಕೂಡಲೇ ಕೇಳಿರುತ್ತಿದ್ದ. ಅದರ ಬದಲು ಭಾವನಿಗೆ ಫೋನು ಮಾಡಿ, "ಭಾವ, ಅಕ್ಕ ಬೆಳೀತಿದ್ದಾಳೆ" ಎಂದ. ಆ ಕಡೆಯಿಂದ ಉಸಿರಿನ ಸದ್ದು ಬಂತು, ಆಮೇಲೆ ಫೋನು ಇಟ್ಟ ಸದ್ದು ಬಂತು. ಅಂದಿನಿಂದ ಭಾವ ಅವನೊಡನೆ ಮಾತು ಬಿಟ್ಟರು, ಮಗಳೂ ಬಿಟ್ಟಳು. ಬಿಡಲಿ ಎಂದುಕೊಂಡಿದ್ದ. ಒಂದಲ್ಲ ಒಂದು ದಿನ ಅವರಿಗೇ ಅರ್ಥವಾಗುತ್ತದೆ. ಆ ಸೂಜಿ ದಂಡವಾಗಲಿಲ್ಲ, ಆ ನೋವಿಗೆ ಒಂದು ಬೆಲೆ ಬಂತು, ನೋಡಿ, ಇಷ್ಟು ಜನ ಇಷ್ಟು ವರ್ಷ ಅದರಿಂದ ಕಲಿತರು. ಈ ಮಾತನ್ನು ಊರುಗೋಲು ಮಾಡಿಕೊಂಡೇ ಅವನು ಇಷ್ಟು ದೂರ ನಡೆದುಬಂದಿದ್ದ. ಈಗ ಅದೇ ಸೀಸೆಯೊಳಗೆ ಒಬ್ಬ ಅಪರಿಚಿತ ಗಂಡಸು ಹಾಯಾಗಿ ಬೆಳೆಯುತ್ತಿದ್ದ, ಸೂಜಿ ಮಾತ್ರ ಅಕ್ಕನದಾಗಿ ಉಳಿದಿತ್ತು.

ವಿದ್ಯಾರ್ಥಿನಿ ಬಾಗಿಲು ತಟ್ಟದೆ ಒಳಗೆ ಬಂದಳು. ಇಷ್ಟು ವರ್ಷದಲ್ಲಿ ಹಾಗೆ ಬಂದದ್ದು ಇದೇ ಮೊದಲು. "ಸರ್, ನನ್ನ ಥೀಸಿಸ್ ಏನಾಗುತ್ತೆ?" ಎಂದಳು. ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ. "ಮೊದಲನೇದು ಒಂದಿದೆಯಲ್ಲ ಸರ್, ನೈಟ್ರೋಜನ್ ಡ್ರಮ್ಮಿನ ತಳದಲ್ಲಿ. ಆಸ್ಪತ್ರೆಯಿಂದ ತಂದ ದಿನವೇ ಫ್ರೀಜ್ ಮಾಡಿಟ್ಟಿದ್ದು ಅಂತೀರಲ್ಲ. ಅದಕ್ಕೆ ಬೇರೇದು ಸೇರಿರೋಕೆ ಸಾಧ್ಯಾನೇ ಇಲ್ಲ. ಅದು ಪಕ್ಕಾ ಅಕ್ಕಂದೇ. ಅದನ್ನ ಕರಗಿಸಿ ಮತ್ತೆ ಮೊದಲಿಂದ ಬೆಳೆಸಿದ್ರೆ?" ಆ ಪುಟ್ಟ ಸೀಸೆಯನ್ನು ಅವನು ಇಲ್ಲಿಯವರೆಗೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. "ಇರೋದು ಅದೊಂದೇ. ಕರಗಿಸಿ, ಬೆಳೆಯದೇ ಹೋದ್ರೆ ಮುಗೀತು" ಎಂದ. "ಸುಮ್ನೆ ಇಟ್ಕೊಂಡು ಏನು ಮಾಡ್ತೀರ ಸರ್?" ಅಷ್ಟರಲ್ಲಿ ಗೇಟಿನ ಕಾವಲಿನವನ ಫೋನು ಬಂತು, ನಿಮ್ಮ ಸಂಬಂಧಿಕರಂತೆ, ಯಾರೋ ಬಂದಿದ್ದಾರೆ ಎಂದು.

ಗುಬ್ಬಿ ಅಕ್ಕನ ಹಾಗಿರಲಿಲ್ಲ, ಭಾವನ ಹಾಗೆ ಉದ್ದ ಮುಖ. ಅದರಿಂದ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಕಾಫಿ ಬೇಡ ಎಂದಳು, ನೀರು ಬೇಡ ಎಂದಳು. ಅಪ್ಪ ಹೇಗಿದ್ದಾರೆ ಎಂದರೆ ಚೆನ್ನಾಗಿದ್ದಾರೆ ಎಂದಳು, ಇಲ್ಲಿಗೆ ಬಂದದ್ದು ಅವರಿಗೆ ಗೊತ್ತಿಲ್ಲ ಎಂದಳು. ಮೆಟ್ಟಿಲು ಹತ್ತುವಾಗ ಅವನು ಎಡೆಬಿಡದೆ ಮಾತಾಡಿದ, ಇದು ಇಂಥ ವಿಭಾಗ, ಇದು ಶೀತದ ಕೋಣೆ, ಈ ಯಂತ್ರ ಹೋದ ವರ್ಷ ಬಂತು, ಹೊರಗಿನಿಂದ ದೊಡ್ಡವರು ಬಂದರೆ ನಿರ್ದೇಶಕರು ಮೊದಲು ನಮ್ಮ ಲ್ಯಾಬಿಗೇ ಕರೆದುಕೊಂಡು ಬರುತ್ತಾರೆ. ಅವಳು ಹೂಂ ಹೂಂ ಎನ್ನುತ್ತ ಬಂದಳು. ಜೀವಕೋಶ ಬೆಳೆಸುವ ಕೋಣೆಯ ಹೊರಗೆ ಅವಳಿಗೆ ಬಿಳಿ ಕೋಟು ಕೊಟ್ಟ, ಕಾಲಿಗೆ ಚೀಲ ಕೊಟ್ಟ. ಅವಳು ಬಗ್ಗಿ ಕಟ್ಟಿಕೊಳ್ಳುವಾಗ ನಿಶ್ಚಯಿಸಿದ, ಹೇಳಿಬಿಡಬೇಕು. ಇವು ಅಮ್ಮನವಲ್ಲ ಗುಬ್ಬಿ, ಇವತ್ತೇ ಗೊತ್ತಾಯಿತು. ಎಷ್ಟು ಸಣ್ಣ ಮಾತು. ಕಾವುಪೆಟ್ಟಿಗೆಯ ಬಾಗಿಲು ತೆರೆದಾಗ ಬಿಸಿ ಗಾಳಿ ಅವಳ ಮುಖಕ್ಕೆ ಬಡಿಯಿತು. "ಬೆಚ್ಚಗಿದೆ" ಎಂದಳು. "ನಮ್ಮ ಮೈ ಎಷ್ಟು ಬೆಚ್ಚಗಿರುತ್ತೋ ಅಷ್ಟೇ ಇಡ್ತೀವಿ" ಎಂದ. ಎಲ್ಲರಿಗೂ ಹೇಳುವ ಮಾತು, ತಾನಾಗಿ ಬಂತು. ವಿದ್ಯಾರ್ಥಿನಿ ಮೂಲೆಯಲ್ಲಿ ಬೆನ್ನು ಹಾಕಿ ನಳಿಕೆಗಳನ್ನು ಜೋಡಿಸುತ್ತಿದ್ದಳು.

ಗುಬ್ಬಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ತುಂಬಾ ಹೊತ್ತು ನೋಡಿದಳು. ಅವಳಿಗೆ ಏನು ಕಾಣುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಅಂಚಿಗೆ ಅಂಚು ತಾಗಿಸಿಕೊಂಡು ನೆರೆದ ಜೀವಕೋಶಗಳು, ನಡುವೆ ಅಲ್ಲಲ್ಲಿ ಉಂಡೆಯಾಗಿ ಹೊಳೆಯುವವು, ಅವು ಈಗ ಇಬ್ಭಾಗವಾಗುವವು. ಅವನು ಅವಳ ಬೆನ್ನು ನೋಡುತ್ತ ನಿಂತಿದ್ದ. ಈಗ ಹೇಳುತ್ತೇನೆ, ಅವಳು ತಲೆ ಎತ್ತಲಿ, ಈಗ. ಬಾಯಿ ತೆರೆದೂ ಆಗಿತ್ತು. ಅವಳು ತಲೆ ಎತ್ತದೆ ಕೇಳಿದಳು. "ಮಾಮ, ಇವು ಅಮ್ಮನವಾ, ಅಮ್ಮನ್ನ ತಿಂದವಾ?"

"ಎರಡೂ" ಎಂದುಬಿಟ್ಟ. ಶಾಲೆಯ ಮಕ್ಕಳು ಬಂದಾಗ, ದಾನ ಕೊಡುವವರು ಬಂದಾಗ ಹೇಳಿ ಹೇಳಿ ಪಳಗಿದ ಉತ್ತರ ಅದು, ಕೇಳಿದವರೆಲ್ಲ ತಲೆದೂಗುತ್ತಿದ್ದರು. ಅವಳು ತಲೆದೂಗಲಿಲ್ಲ. ನೇರ ನಿಂತು ಅವನ ಮುಖ ನೋಡಿ, "ಹಾಗಾದ್ರೆ ಇವನ್ನ ಸಾಯಿಸಿ" ಎಂದಳು. ಮೂಲೆಯಲ್ಲಿ ನಳಿಕೆಗಳ ಸದ್ದು ನಿಂತಿತು. "ನಾನು ಕೇಳೋಕೆ ಬಂದದ್ದು ಅದನ್ನೇ. ಅಮ್ಮನ ನೆನಪು ಮಾಡ್ಕೋಬೇಕು ಅಂದ್ರೆ ನನಗೆ ಅಮ್ಮನ ಮುಖ ಬರಲ್ಲ ಮಾಮ. ಒಂದು ಬಾಟಲಿ ಬರುತ್ತೆ. ಯಾರೋ ಅದಕ್ಕೆ ಊಟ ಹಾಕ್ತಿದ್ದಾರೆ ಅನ್ನೋದು ಬರುತ್ತೆ. ಅಮ್ಮನಿಗೆ ಕೊನೆಕೊನೆಗೆ ಒಂದು ತುತ್ತು ಗಂಟಲಲ್ಲಿ ಇಳೀತಿರಲಿಲ್ಲ, ಇದಕ್ಕೆ ನೀವು ಇಷ್ಟು ವರ್ಷ ತಪ್ಪದೆ ಊಟ ಹಾಕಿದ್ದೀರಿ. ಅವಳನ್ನ ಕೊಂದಿದ್ದನ್ನ ಬೆಚ್ಚಗೆ ಇಟ್ಟಿದ್ದೀರಿ. ನಿಮ್ಮ ಕೆಲಸ ನಿಮಗೆ ದೊಡ್ಡದು, ಗೊತ್ತು. ಆಗಲ್ಲ ಅಂದ್ರೆ ಅನ್ನಿ, ಹೋಗ್ತೀನಿ. ಮತ್ತೆ ಬರಲ್ಲ." ಅವಳು ಅಳಲಿಲ್ಲ. ಇಷ್ಟನ್ನು ಅವಳೂ ಎಷ್ಟೋ ಬಸ್ಸುಗಳಲ್ಲಿ ಕುಳಿತು ಮನಸ್ಸಿನಲ್ಲೇ ಆಡಿ ನೋಡಿರಬೇಕು.

ಅವನಿಗೆ ಮೊದಲು ಅನ್ನಿಸಿದ್ದು ಸಂತೋಷ. ತನಗೇ ಹೇಸಿಗೆಯಾಗುವಂಥ ಸಂತೋಷ, ಸಾಲಿನಲ್ಲಿ ಹಿಂದೆ ನಿಂತವನನ್ನು ಯಾರೋ ಕರೆದು ಮುಂದೆ ಬಿಟ್ಟಂತೆ. ಈ ಸೀಸೆಗಳನ್ನು ಹೇಗೂ ಸಂಜೆಯೊಳಗೆ ಚೆಲ್ಲಲೇಬೇಕಿತ್ತು. ಇವು ಈಗ ಮೂರು ಕಾಸಿಗೂ ಬೇಡದವು. ಹೂಂ ಎಂದು ಒಂದು ಮಾತು ಅಂದರೆ ಸಾಕು. ಆದರೆ ಅವನು ಕೂಡಲೇ ಅನ್ನಲಿಲ್ಲ. ಕೂಡಲೇ ಅಂದರೆ ಅದರ ತೂಕ ಕಡಿಮೆಯಾಗುತ್ತದೆ ಎಂದು ಅವನಿಗೆ, ಆ ಹೊತ್ತಿನಲ್ಲೂ, ಹೊಳೆದಿತ್ತು. ಕುರ್ಚಿ ಎಳೆದು ಕುಳಿತ. ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದ. ಸೀಸೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ತನ್ನ ಬೆನ್ನಿಗೆ ವಿದ್ಯಾರ್ಥಿನಿಯ ಕಣ್ಣು ನೆಟ್ಟಿದೆ ಎಂದು ತಿರುಗದೆಯೇ ಗೊತ್ತಾಗುತ್ತಿತ್ತು. "ಇದು ನನ್ನ ಇಡೀ ಜೀವನದ ಕೆಲಸ ಗುಬ್ಬಿ" ಎಂದ. ಸುಳ್ಳೂ ಅಲ್ಲ. "ಗೊತ್ತು ಮಾಮ" ಎಂದಳು ಗುಬ್ಬಿ, ಮೊದಲ ಸಲ ಮೆಲ್ಲಗೆ. ಸೀಸೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಆಗಲಿ" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದು ಎಲ್ಲಿಂದ ಬಂತೆಂದು ಅವನು ಆಮೇಲೆಯೂ ಹೇಳಲಾರ. ವಿದ್ಯಾರ್ಥಿನಿಗೆ, "ಬ್ಲೀಚಿನ ನೀರು ತಾಮ್ಮ" ಎಂದ. ಅವಳು ಅಲುಗಲಿಲ್ಲ. ಇನ್ನೊಂದು ಸಲ ಹೇಳಿದ ಮೇಲೆ ತಂದು, ಅವನ ಮುಖ ನೋಡದೆ ಮೇಜಿನ ಮೇಲೆ ಕುಕ್ಕಿದಳು.

ಗುಬ್ಬಿ ತಾನೇ ಹಾಕುತ್ತೇನೆಂದಳು. ಅವನು ಗ್ಲೌಸು ತೊಡಿಸಿದ, ಮುಚ್ಚಳ ತಿರುಗಿಸಿಕೊಟ್ಟ. ಒಂದೊಂದೇ ಸೀಸೆಗೆ ಸುರಿದಳು. ಗುಲಾಬಿ ರಸ ಒಮ್ಮೆ ಗಾಢವಾಗಿ, ಆಮೇಲೆ ಹಳದಿಗೆ ತಿರುಗಿ, ಕೊನೆಗೆ ಬರೀ ನೀರಿನ ಹಾಗಾಯಿತು. ಅಷ್ಟೆಯೇ, ಎಂದು ಅವಳು ನೋಡಿದಳು. ಅಷ್ಟೆ. ಅವನಿಗೆ ಅಲ್ಲಿಗೆ ಸುಮ್ಮನಾಗಲಾಗಲಿಲ್ಲ. ಪ್ರಾಮಾಣಿಕತೆ ಶುರು ಹಚ್ಚಿಕೊಂಡ ಮೇಲೆ ಅದಕ್ಕೂ ಒಂದು ರುಚಿ ಹತ್ತುತ್ತದೆ. "ಇನ್ನೂ ಇವೆ. ಹೆಪ್ಪುಗಟ್ಟಿಸಿ ಇಟ್ಟಿರೋವು. ನಾನು ಹೇಳದೇ ಇದ್ರೆ ನಿನಗೆ ಗೊತ್ತಾಗ್ತಿರಲಿಲ್ಲ" ಎಂದು, ಡ್ರಮ್ಮಿನ ಮೇಲಿನ ಅರೆಗಳಿಂದ ಪೆಟ್ಟಿಗೆಗಳನ್ನು ತರಿಸಿದ. ಬಿಳಿ ಹೊಗೆಯಾಡುವ ಪುಟ್ಟ ಸೀಸೆಗಳನ್ನು ಒಂದೊಂದಾಗಿ ತೆಗೆದು ಬ್ಲೀಚಿನ ಬಕೆಟ್ಟಿಗೆ ತಾನೇ ಹಾಕಿದ. ಸೀಸೆ ಬೀಳುವ ಪ್ರತಿ ಸದ್ದಿಗೂ ಗುಬ್ಬಿಯ ಮುಖ ಸಡಿಲಾಗುತ್ತ ಬಂತು. ಪೆಟ್ಟಿಗೆ ಖಾಲಿಯಾದಾಗ ಕೇಳಿದಳು. "ಇಷ್ಟೇನಾ? ಬೇರೆ ಎಲ್ಲೂ ಇಲ್ವಾ?" ವಿದ್ಯಾರ್ಥಿನಿ ತಲೆ ಎತ್ತಿದಳು.

"ಇಷ್ಟೇ" ಎಂದ ಅವನು.

ಆಗ ಅವಳು ಅತ್ತಳು. ಗ್ಲೌಸು ಹಾಕಿದ ಕೈಯಿಂದಲೇ ಮುಖ ಒರೆಸಿಕೊಳ್ಳಲು ಹೋದಳು, ಅವನು ತಡೆದು ಗ್ಲೌಸು ಬಿಡಿಸಿದ, ಅವಳು ಅವನ ಕೈ ಬಿಡದೆ ಹಿಡಿದುಕೊಂಡಳು. "ನಾನು ನಿನ್ನ ಬಗ್ಗೆ ಏನೇನೋ ಅಂದ್ಕೊಂಡಿದ್ದೆ ಮಾಮ. ನೀನು ಕೊಡಲ್ಲ ಅಂತಲೇ ಬಂದಿದ್ದೆ. ಬೈದು ಹೋಗೋಣ ಅಂತ ಬಂದಿದ್ದೆ" ಎಂದಳು. ನೀನು ಎಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಇವತ್ತು ಅಪ್ಪನಿಗೆ ಹೇಳ್ತೀನಿ. ಭಾನುವಾರ ಊಟಕ್ಕೆ ಬಾ. ಅಪ್ಪ ಏನೂ ಅನ್ನಲ್ಲ. ನೀನು ನಮಗೋಸ್ಕರ ಇಷ್ಟು ಬಿಟ್ಟುಕೊಟ್ಟೆ ಅಂದ್ರೆ ಏನಂತಾರೆ?" ಬರುತ್ತೇನೆ ಎಂದ. ಹೆಗಲ ಮೇಲೆ ಕೈಯಿಟ್ಟ. ಮನಸ್ಸಿನಲ್ಲಿ ಆಡಿ ನೋಡಿಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಎಲ್ಲವೂ ನಡೆದಿತ್ತು. ಅವಳನ್ನು ಮೆಟ್ಟಿಲವರೆಗೆ ಬಿಡಲು ಹೋಗುವಾಗ ಕಾಫಿ ಯಂತ್ರದ ಹತ್ತಿರ ನಿಂತಿದ್ದ ಇಲಿರಾಯ ಏನನ್ನೋ ಅನ್ನಲು ಬಾಯಿ ತೆರೆದವನು, ಅತ್ತು ಕೆಂಪಾದ ಹುಡುಗಿಯ ಮುಖವನ್ನೂ ಇವನ ಒದ್ದೆ ಕಣ್ಣುಗಳನ್ನೂ ನೋಡಿ ಮೆಲ್ಲಗೆ ಪಕ್ಕಕ್ಕೆ ಸರಿದ. ಅದೂ ಅವನಿಗೆ ಹಿತವಾಯಿತು.

ವಾಪಸು ಬಂದಾಗ ವಿದ್ಯಾರ್ಥಿನಿ ಬ್ಲೀಚಿನ ಬಾಟಲಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. "ಅವರಿಗೆ ನಿಜ ಹೇಳಬಹುದಿತ್ತು ಸರ್."

"ಹೇಳಿದ್ರೆ ಅವಳಿಗೆ ಏನು ಸಿಗ್ತಿತ್ತು?"

"ಅವರಿಗಲ್ಲ." ಮುಂದಿನದನ್ನು ಅವಳು ನುಂಗಿಕೊಂಡಳು. ಆಮೇಲೆ, "ಆ ಮೊದಲನೇದು ಉಳೀತಲ್ಲ ಸರ್, ಅದನ್ನೂ ಹಾಕಿಬಿಡ್ಲಾ? ಅವರು ಕೇಳಿದ್ದು ಅದನ್ನೇ" ಎಂದಳು. ಹೇಳಿದ ರೀತಿಯಲ್ಲಿ ಅಣಕವಿರಲಿಲ್ಲ. ಅವನು ಹೂಂ ಅಂದರೆ ಹಾಕಿಯೇಬಿಡುತ್ತಿದ್ದಳು, ತನ್ನ ಇಷ್ಟು ವರ್ಷದ ಕೆಲಸದ ಸಮೇತ. ಅವನು ಕಿಟಕಿಯ ಹತ್ತಿರ ಹೋದ. ಕೆಳಗೆ ಗುಬ್ಬಿ ಗೇಟಿನ ಹತ್ತಿರ ತಲುಪಿದ್ದಳು. ಕಾವಲಿನವನಿಗೆ ಸಂದರ್ಶಕರ ಕೊರಳ ಬಿಲ್ಲೆ ಬಿಚ್ಚಿ ಕೊಡುತ್ತ ಏನೋ ಹೇಳಿ ನಕ್ಕಳು. ಎಷ್ಟು ಹಗುರವಾಗಿದ್ದಳು. ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು, ಆ ಪ್ರೀತಿ ನಿಜವಾದದ್ದೇ. ಅದನ್ನು ಹಾಗೇ ಇಟ್ಟುಕೊಂಡು, ತಿರುಗದೆ ಕೇಳಿದ.

"ನಿನಗೆ ಥೀಸಿಸ್ ಬೇಡ್ವಾ?"

ಬಾಟಲಿಯನ್ನು ಮೇಜಿನ ಮೇಲೆ ಇಟ್ಟ ಸದ್ದು, ಈ ಸಲ ಮೆತ್ತಗೆ, ಬೆನ್ನ ಹಿಂದೆ ಕೇಳಿಸಿತು. ಅವನಿಗೆ ಗೆದ್ದಂತೆಯೂ ಆಯಿತು, ಏನೋ ಒಂದನ್ನು ಕೆಡಿಸಿದಂತೆಯೂ ಆಯಿತು. ಈ ಹುಡುಗಿಗೆ ಅವನು ಕಲಿಸಿದ್ದರಲ್ಲಿ ಇದೊಂದನ್ನು ಅವಳು ಮರೆಯಲಾರಳು. "ನಾಳೆ ಕರಗಿಸೋಣ ಸರ್?" ಎಂದಳು ಕೊನೆಗೆ, ಬೇರೆಯೇ ದನಿಯಲ್ಲಿ. "ನಾಳೆ ಯಾಕೆ, ಈಗಲೇ" ಎಂದ.

ಡ್ರಮ್ಮಿನ ತಳದಿಂದ ಅದನ್ನು ಅವನೇ ತೆಗೆದ. ಬೆರಳಿನ ಗಾತ್ರದ ಸೀಸೆ, ಮೇಲೆ ತನ್ನದೇ ಕೈಬರಹ, ಹಿಮ ಒರೆಸಿದರೂ ಅದನ್ನು ಓದಲಿಲ್ಲ. 'ಬೇರೆ ಎಲ್ಲೂ ಇಲ್ವಾ' ಎಂಬುದು ಕಿವಿಯಲ್ಲಿತ್ತು. ಇರಲಿ, ಇದು ಅವಳಿಗೂ ಒಳ್ಳೆಯದೇ, ಇದು ಬೆಳೆದರೆ ಆ ಸೂಜಿ ದಂಡವಾಗಲಿಲ್ಲ, ಇದು ಬೆಳೆದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡ. ಬೆಚ್ಚನೆಯ ನೀರಿನಲ್ಲಿ ಸೀಸೆಯನ್ನು ಮೆಲ್ಲಗೆ ಆಡಿಸಿದ. ಒಳಗಿನ ಮಂಜಿನ ಗಡ್ಡೆ ಕಡಲೆಯಷ್ಟಾಗಿ, ಸಾಸಿವೆಯಷ್ಟಾಗಿ, ಕರಗಿತು. ವಿದ್ಯಾರ್ಥಿನಿ ಅದನ್ನು ತಟ್ಟೆಗೆ ಇಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದಳು. "ಎಲ್ಲ ಒಡೆದುಹೋಗಿವೆ ಸರ್" ಎಂದಳು. ಆಮೇಲೆ ತಟ್ಟೆಯನ್ನು ಸ್ವಲ್ಪ ಸರಿಸಿ, ಮತ್ತೆ ಸರಿಸಿ, ಉಸಿರು ಹಿಡಿದು, "ಇಲ್ಲ, ಇಲ್ಲಿ ಒಂದು... ಸರ್, ಇಲ್ಲಿ ಎರಡು ಮೂರು ಇವೆ. ದುಂಡಗಿವೆ. ಹೊಳೀತಿವೆ ಸರ್!" ಎಂದು ಕೂಗಿ, ಕೂಗಿದ್ದಕ್ಕೆ ನಾಚಿ ಬಾಯಿ ಮುಚ್ಚಿಕೊಂಡಳು.

ಅವನು ಅವಳನ್ನು ಸರಿಸಿ ಬಗ್ಗಿ ಕಣ್ಣಿಟ್ಟ. ಇದ್ದವು. ಒಡೆದು ಚೂರಾದವುಗಳ ನಡುವೆ ಎರಡು ಮೂರು, ಪುಟ್ಟವು, ಅಂಚು ಹೊಳೆಯುವವು. ಇಡೀ ದಿನದಲ್ಲಿ ಅಕ್ಕನದೆಂಬುದನ್ನು ಅವನು ಕಂಡದ್ದು ಇದೇ ಮೊದಲು. ಬದುಕು, ಎಂದು ಅವನು ಹಲ್ಲು ಕಚ್ಚಿಕೊಂಡು ಅದಕ್ಕೆ ಅಂದ. ಸಾಯಬೇಡ, ಅಂಟಿಕೋ, ಬೆಳಿ, ದಮ್ಮಯ್ಯ ಬದುಕು. ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಕುಳಿತಾಗ ಹೀಗೆ ಬೇಡಿಕೊಂಡದ್ದು, ಎಷ್ಟು ಹುಡುಕಿದರೂ, ಅವನ ನೆನಪಿನಲ್ಲಿ ಸಿಗಲಿಲ್ಲ.